ಫೋನ್ ಕಂಪನಿ ಹೊರಗಿನ ಮ್ಯಾಪ್ ಬಿಟ್ಟು ಬೇರೆ ಹಾಕಬೇಕೆ? ದಾವಣಗೆರೆಯ ಓದುಗರಿಗೆ ಉತ್ತರ

ಪ್ರಶ್ನೆ: ನಾನು ದಾವಣಗೆರೆಯವನು. ಆಂಡ್ರಾಯ್ಡ್ ಫೋನ್ ತಯಾರಿಸುವ ಕಂಪನಿಯೊಂದರ ಸಾಫ್ಟ್‌ವೇರ್ ವಿಭಾಗಕ್ಕೆ ಮನೆಯಿಂದಲೇ ಕೆಲಸ ಮಾಡುತ್ತೇನೆ. ನಮ್ಮ ಫೋನುಗಳಲ್ಲಿ ಈಗ ಹೊರಗಿನ ಕಂಪನಿಯ ಮ್ಯಾಪ್ ಇದೆ. ಅದನ್ನು ತೆಗೆದು ನಮ್ಮದೇ ಮ್ಯಾಪ್ ಹಾಕಿದರೆ ಖರ್ಚು ಉಳಿಯುತ್ತದೆ ಎಂಬ ಮಾತು ಮೇಲಿನವರಲ್ಲಿ ನಡೆದಿದೆ. ನಮ್ಮ ಕಡೆಯ ಹಳ್ಳಿ, ಹಟ್ಟಿಗಳಲ್ಲಿ ಅದು ಕೈಕೊಟ್ಟರೆ ಗತಿಯೇನು ಎಂಬುದು ನನ್ನ ಚಿಂತೆ. ಬದಲಿಸುವುದು ಸರಿಯೇ? ಬದಲಿಸುವುದಾದರೆ ಎಲ್ಲಿಂದ ಶುರುಮಾಡಬೇಕು, ಹೇಗೆ ಪರೀಕ್ಷಿಸಬೇಕು?

ಉತ್ತರ: ಬರೀ ಖರ್ಚು ಉಳಿಸಲೆಂದಾದರೆ ಬದಲಿಸಬೇಡಿ. ಬೇರೆ ಗಟ್ಟಿ ಕಾರಣವಿದ್ದು, ಮ್ಯಾಪಿನಲ್ಲಿ ಸಿಕ್ಕ ತಪ್ಪನ್ನು ವಾರದೊಳಗೆ ತಿದ್ದಿ ಎಲ್ಲ ಫೋನುಗಳಿಗೂ ತಲುಪಿಸುವ ತಂಡ ನಿಮ್ಮಲ್ಲಿದ್ದರೆ ಬದಲಿಸಬಹುದು. ಅಂಥ ತಂಡ ಇನ್ನೂ ಇಲ್ಲವೆಂದರೆ ಮೊದಲು ತಂಡ ಕಟ್ಟಿ, ಮ್ಯಾಪಿನ ಮಾತು ಆಮೇಲೆ. ಮ್ಯಾಪಿನ ದತ್ತಾಂಶ ದುಡ್ಡು ಕೊಟ್ಟರೆ ಸಿಗುತ್ತದೆ, ಜನರೇ ಸೇರಿ ಕಟ್ಟುವ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ಮ್ಯಾಪಿನಿಂದ ಪುಕ್ಕಟೆಯಾಗಿಯೂ ಸಿಗುತ್ತದೆ. ಹೊನ್ನಾಳಿ ಕಡೆಯ ಒಂದು ಕ್ಯಾಂಪಿನ ಹೆಸರು ತಪ್ಪಾಗಿದೆ ಎಂದು ದೂರು ಬಂದಾಗ ಅದನ್ನು ಯಾರು, ಎಷ್ಟು ದಿನದಲ್ಲಿ ಸರಿಮಾಡುತ್ತಾರೆ ಎಂಬ ಏರ್ಪಾಡನ್ನು ಮಾತ್ರ ನೀವೇ ಮಾಡಿಕೊಳ್ಳಬೇಕು.

ಮೊದಲು ಖರ್ಚಿನ ಲೆಕ್ಕವನ್ನೇ ನೋಡಿಬಿಡೋಣ. ಫೋನಿನ ಜೊತೆಗೇ ಬರುವ ಮ್ಯಾಪ್ ಆ್ಯಪನ್ನು ಗ್ರಾಹಕ ಎಷ್ಟು ಸಲ ತೆರೆದ ಎಂಬ ಲೆಕ್ಕದಲ್ಲಿ ಫೋನ್ ಕಂಪನಿ ಸಾಮಾನ್ಯವಾಗಿ ಹಣ ಕಟ್ಟುವುದಿಲ್ಲ. ಬಿಲ್ ಬರುವುದು ನಿಮ್ಮ ಸ್ವಂತ ಆ್ಯಪ್‌ಗಳಿಂದ: ಹವಾಮಾನ, ಕಳೆದ ಫೋನ್ ಹುಡುಕುವುದು, ಗ್ಯಾಲರಿಯಲ್ಲಿ ಫೋಟೊಗೆ ಊರಿನ ಹೆಸರು ಹಾಕುವುದು. ಇವುಗಳಲ್ಲಿ ಹೆಚ್ಚಿನವಕ್ಕೆ ಬೇಕಿರುವುದು ಅಕ್ಷಾಂಶ-ರೇಖಾಂಶ ಕೊಟ್ಟರೆ ಊರಿನ ಹೆಸರು ಹೇಳುವ ಒಂದು ಸಣ್ಣ ಸೇವೆ. ಅದನ್ನಷ್ಟೇ ನಿಮ್ಮ ಸರ್ವರಿಗೆ ತಂದುಕೊಂಡರೆ ಬಿಲ್ಲಿನ ದೊಡ್ಡ ಭಾಗ ಇಳಿಯಬಹುದು, ಗ್ರಾಹಕರ ಮ್ಯಾಪನ್ನು ಮುಟ್ಟುವ ಪ್ರಮೇಯವೇ ಬರುವುದಿಲ್ಲ. ಇನ್ನೊಂದು ಸಂಗತಿ. 2024ರ ಜುಲೈನಲ್ಲಿ ಓಲಾ ಕಂಪನಿ ಗೂಗಲ್ ಮ್ಯಾಪ್ಸ್ ಬಿಟ್ಟು ತನ್ನದೇ ಓಲಾ ಮ್ಯಾಪ್ಸ್‌ಗೆ ಹೋಯಿತು. ವರ್ಷಕ್ಕೆ 100 ಕೋಟಿ ರೂಪಾಯಿ ಖರ್ಚಾಗುತ್ತಿತ್ತು ಎಂದು ಕಾರಣ ಕೊಟ್ಟಿತು. ಅದೇ ತಿಂಗಳು ಗೂಗಲ್ ಭಾರತದ ದರಗಳನ್ನು ಶೇ 70ರವರೆಗೆ ಇಳಿಸುವುದಾಗಿ ಘೋಷಿಸಿ, ಆಗಸ್ಟ್ 1ರಿಂದ ಜಾರಿಗೆ ತಂದಿತು. ಇವತ್ತಿನ ದರ ಹಿಡಿದು ನೀವು ಹಾಕಿದ ಉಳಿತಾಯದ ಲೆಕ್ಕ ನಾಳೆ ತಲೆಕೆಳಗಾಗಬಹುದು. ಬೇರೆ ಕಂಪನಿಯ ದರಪಟ್ಟಿ ತರಿಸಿಕೊಂಡು ಹಾಲಿ ಕಂಪನಿಯ ಜೊತೆ ಚೌಕಾಸಿಗೆ ಕೂರುವುದು ಎಲ್ಲಕ್ಕಿಂತ ಅಗ್ಗದ ದಾರಿ. ಸ್ವಂತ ಮ್ಯಾಪಿನ ಭಾರ ಎಷ್ಟೆಂಬುದಕ್ಕೆ ನೋಕಿಯಾ ಸಾಕ್ಷಿ: 2008ರಲ್ಲಿ ನಾವ್‌ಟೆಕ್ ಎಂಬ ಮ್ಯಾಪ್ ಕಂಪನಿಯನ್ನು 810 ಕೋಟಿ ಡಾಲರಿಗೆ ಕೊಂಡಿತು. 2015ರಲ್ಲಿ ಆ ಮ್ಯಾಪ್ ವ್ಯವಹಾರವನ್ನು ಆಡಿ, ಬಿಎಂಡಬ್ಲ್ಯೂ, ಡೈಮ್ಲರ್ ಕೂಟಕ್ಕೆ 280 ಕೋಟಿ ಯೂರೊಗೆ ಮಾರಿತು.

ಹಾಗಾದರೆ ಗಟ್ಟಿ ಕಾರಣ ಯಾವುದು? ಮ್ಯಾಪ್ ಕೊಡುವ ಕಂಪನಿಯೇ ನಿಮ್ಮ ಪ್ರತಿಸ್ಪರ್ಧಿಯಾಗಿ, ಮುಖ್ಯ ಸೌಲಭ್ಯವನ್ನು ತನ್ನವರಿಗೆ ಮಾತ್ರ ಕೊಟ್ಟು ನಿಮಗೆ ಕೊಡದಿರುವುದು. ಐಫೋನಿಗೆ ಆದದ್ದು ಅದೇ. 2007ರ ಮೊದಲ ಐಫೋನಿನಿಂದಲೂ ಅದರಲ್ಲಿ ಗೂಗಲ್ ಮ್ಯಾಪ್ ಇತ್ತು. 2009ರಲ್ಲಿ ಆಂಡ್ರಾಯ್ಡ್ ಫೋನುಗಳಿಗೆ ತಿರುವು ತಿರುವಿಗೂ ದಾರಿ ಹೇಳುವ ಧ್ವನಿ ಬಂತು, ಐಫೋನಿಗೆ ಬರಲಿಲ್ಲ. 2012ರ ಸೆಪ್ಟೆಂಬರ್ 19ರಂದು ಬಂದ ಐಫೋನ್ ತಂತ್ರಾಂಶ ಐಒಎಸ್ 6ರಲ್ಲಿ ಆ್ಯಪಲ್ ಗೂಗಲ್ ಮ್ಯಾಪನ್ನು ತೆಗೆದು, ಟಾಮ್‌ಟಾಮ್ ಮೊದಲಾದ ಕಂಪನಿಗಳ ಮ್ಯಾಪ್ ದತ್ತಾಂಶ ಸೇರಿಸಿ ಮಾಡಿದ ತನ್ನ ಮ್ಯಾಪ್ ಹಾಕಿತು. ಒಂಬತ್ತೇ ದಿನಕ್ಕೆ, ಸೆಪ್ಟೆಂಬರ್ 28ರಂದು, ಆ್ಯಪಲ್‌ನ ಆಗಿನ ಮುಖ್ಯಸ್ಥ ಟಿಮ್ ಕುಕ್ ಬಹಿರಂಗ ಪತ್ರದಲ್ಲಿ ಕ್ಷಮೆ ಕೇಳಿ, ನಮ್ಮದು ಸರಿಯಾಗುವವರೆಗೆ ಬೇರೆಯವರ ಮ್ಯಾಪ್ ಬಳಸಿ ಎಂದು ಪ್ರತಿಸ್ಪರ್ಧಿಗಳ ಹೆಸರುಗಳನ್ನೇ ಕೊಡಬೇಕಾಯಿತು. ಬದಲಿಸುವ ಕಾರಣ ಸರಿಯಾಗಿತ್ತು. ಬದಲಿಸಿದ ರೀತಿ ಕೆಟ್ಟಿತು. ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿಕೊಂಡವರ ಹಳೆಯ ಫೋನಿನಿಂದಲೂ ಹಳೆಯ ಮ್ಯಾಪ್ ಮಾಯವಾಯಿತು, ಗೂಗಲ್ ಮ್ಯಾಪ್ ಬೇರೆ ಆ್ಯಪಾಗಿ ಐಫೋನಿಗೆ ಮರಳಲು ಡಿಸೆಂಬರ್ ಬರಬೇಕಾಯಿತು.

ಅದೇ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾದ ಪೊಲೀಸರು ಜನರಿಗೆ ಎಚ್ಚರಿಕೆ ಕೊಟ್ಟರು: ಮಿಲ್ಡುರಾ ಎಂಬ ಊರನ್ನು ಆ್ಯಪಲ್ ಮ್ಯಾಪ್ ಸುಮಾರು 70 ಕಿಲೋಮೀಟರ್ ದೂರದ ರಾಷ್ಟ್ರೀಯ ಉದ್ಯಾನದ ನಡುವೆ ತೋರಿಸುತ್ತಿತ್ತು, ಜನ ನೀರಿಲ್ಲದ ಜಾಗದಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಅಲ್ಲಿನ ಸ್ಥಳನಾಮ ಪಟ್ಟಿಯಲ್ಲಿ ಮಿಲ್ಡುರಾ ಎಂಬ ಊರಿಗೆ ಒಂದು ಸಾಲು, ಅದೇ ಹೆಸರಿನ ಆಡಳಿತ ಪ್ರದೇಶಕ್ಕೆ ಇನ್ನೊಂದು ಸಾಲು ಇತ್ತು. ಎರಡನೆಯದರ ಬಿಂದು ಊರಲ್ಲಿರಲಿಲ್ಲ, ಇಡೀ ಪ್ರದೇಶದ ನಡುವಿನಲ್ಲಿತ್ತು.

ಈ ತಪ್ಪು ನಿಮ್ಮ ಊರಿಗೂ ಕಾದು ಕೂತಿದೆ. ದಾವಣಗೆರೆ ಎಂಬ ಹೆಸರು ನಗರದ್ದೂ ಹೌದು, ತಾಲ್ಲೂಕಿನದೂ ಹೌದು, ಜಿಲ್ಲೆಯದೂ ಹೌದು. ಜಿಲ್ಲೆಯ ನಡುಬಿಂದು ತೆಗೆದರೆ ಅದು ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳ ಸೆಳೆತಕ್ಕೆ ನಗರದಿಂದ ದಕ್ಷಿಣಕ್ಕೆ ಜಾರಿ ಯಾವುದೋ ಹೊಲದಲ್ಲಿ ಬೀಳುತ್ತದೆ. ಚಿತ್ರದುರ್ಗಕ್ಕೂ ಇದೇ ಪಾಡು. ಹೊಸ ದತ್ತಾಂಶ ಕೈಗೆ ಬಂದ ದಿನವೇ ಎರಡೂ ಜಿಲ್ಲೆಗಳ ಎಲ್ಲ ತಾಲ್ಲೂಕು ಕೇಂದ್ರಗಳನ್ನು ಒಂದೊಂದಾಗಿ ಹುಡುಕಿಸಿ, ಗುರುತು ಬಸ್ ನಿಲ್ದಾಣದ ಆಸುಪಾಸಿನಲ್ಲಿ ಬೀಳುತ್ತದೆಯೇ ನೋಡಿ. ಅರ್ಧ ಗಂಟೆಯ ಕೆಲಸ. ಹಾಗೆಯೇ ಹರಪನಹಳ್ಳಿ ಯಾವ ಜಿಲ್ಲೆಯಲ್ಲಿ ಬರುತ್ತದೆ ನೋಡಿ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಅದಕ್ಕೆ ಸೇರಿದ ಹರಪನಹಳ್ಳಿ, 2018ರಲ್ಲಿ ಬಳ್ಳಾರಿಗೆ ಹೋಗಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಮಾರುವವರು ಇತ್ತೀಚಿನದೆಂದು ಹೇಳುವ ದತ್ತಾಂಶ ಎಷ್ಟು ಹಳತು ಎಂಬುದು ಈ ಒಂದೇ ಹೆಸರಿನಿಂದ ಬಯಲಾಗುತ್ತದೆ.

ಮ್ಯಾಪ್ ಎಂದರೆ ಒಂದೇ ವಸ್ತು ಎಂದುಕೊಂಡು ಬದಲಿಸಲು ಹೊರಟರೆ ಎಡವುತ್ತೀರಿ. ಕಣ್ಣಿಗೆ ಕಾಣುವ ಚಿತ್ರ ಒಂದು ಪದರ. ಹೆಸರು ಹುಡುಕುವುದು ಇನ್ನೊಂದು. ದಾರಿ ಹಾಕುವುದು, ಟ್ರಾಫಿಕ್, ಫೋನ್ ಈಗ ಎಲ್ಲಿದೆ ಎಂದು ಕಂಡುಹಿಡಿಯುವುದು, ಬೇರೆ ಆ್ಯಪ್‌ಗಳಿಗೆ ಮ್ಯಾಪ್ ಒದಗಿಸುವ ಸೇವೆ ಇವೆಲ್ಲ ಬೇರೆ ಬೇರೆ. ಚಿತ್ರದ ಪದರ ಇವತ್ತು ಕಷ್ಟದ್ದಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ ದತ್ತಾಂಶದಿಂದ ವೆಕ್ಟರ್ ಟೈಲ್ (ಮ್ಯಾಪನ್ನು ಗೆರೆ, ಬಿಂದುಗಳಾಗಿ ಹಿಡಿದಿಡುವ ಚೌಕ ತುಂಡು) ಮಾಡಿ, ಮ್ಯಾಪ್‌ಲಿಬ್ರೆಯಂಥ ಎಂಜಿನ್‌ನಲ್ಲಿ ತೋರಿಸಬಹುದು. ಜೂಮ್‌ನ 14ನೇ ಹಂತದ ಒಂದು ಟೈಲ್ ನಮ್ಮ ಅಕ್ಷಾಂಶದಲ್ಲಿ ಸುಮಾರು 2.37 ಕಿಲೋಮೀಟರ್ ಅಗಲ. ಆ ಅಗಲವನ್ನು 4096 ಭಾಗ ಮಾಡಿದರೆ ಒಂದು ಭಾಗ ಅರ್ಧ ಮೀಟರಿಗಿಂತ ಸ್ವಲ್ಪ ಹೆಚ್ಚು, ರಸ್ತೆ ತೋರಿಸಲು ಧಾರಾಳ ಸಾಕು. ದಾರಿ ಹಾಕಲು ವಾಲ್‌ಹಲ್ಲಾ, ಓಎಸ್‌ಆರ್‌ಎಂ, ಗ್ರಾಫ್‌ಹಾಪರ್‌ನಂಥ ಮುಕ್ತ ತಂತ್ರಾಂಶಗಳಿವೆ.

ಬೇರೆ ಆ್ಯಪ್‌ಗಳಿಗೆ ಮ್ಯಾಪ್ ಒದಗಿಸುವ ಸೇವೆಯ ಪದರವೇ ಆಂಡ್ರಾಯ್ಡ್ ಕಂಪನಿಗೆ ಅತಿ ಅಪಾಯದ್ದು. ಕ್ಯಾಬ್, ಊಟ ತರಿಸುವ ಆ್ಯಪ್, ಎಷ್ಟೋ ಬ್ಯಾಂಕ್ ಆ್ಯಪ್‌ಗಳು ಫೋನಿನೊಳಗಿರುವ ಗೂಗಲ್ ಸೇವೆಗಳನ್ನು ನಂಬಿಕೊಂಡು ಮ್ಯಾಪ್ ತೋರಿಸುತ್ತವೆ. ಆ ಸೇವೆಗಳೇ ಇಲ್ಲವಾದರೆ ಅವುಗಳಲ್ಲಿ ಖಾಲಿ ಚೌಕ ಕಾಣುತ್ತದೆ. 2019ರ ಮೇ ತಿಂಗಳಲ್ಲಿ ಅಮೆರಿಕದ ನಿರ್ಬಂಧದಿಂದ ಹೊಸ ಹುವಾವೇ ಫೋನುಗಳಿಗೆ ಗೂಗಲ್ ಸೇವೆಗಳು ತಪ್ಪಿದಾಗ, ಆ ಕಂಪನಿ ಪೆಟಲ್ ಮ್ಯಾಪ್ಸ್ ಎಂಬ ಆ್ಯಪ್ ಒಂದನ್ನು ಮಾಡಿದರೆ ಸಾಲಲಿಲ್ಲ. ಉಳಿದ ಆ್ಯಪ್‌ಗಳಿಗೆ ಬೇಕಾದ ಇಡೀ ಸೇವೆಗಳ ಕಟ್ಟನ್ನೇ ಕಟ್ಟಬೇಕಾಯಿತು. ನೀವು ಸೇವೆಗಳ ಪದರವನ್ನು ಮುಟ್ಟಲೇಬೇಡಿ. ಮೊದಲೇ ಹಾಕಿ ಬರುವ ಆ್ಯಪ್ ಯಾವುದಿರಬೇಕು ಎಂಬಷ್ಟೇ ನಿಮ್ಮ ಪ್ರಶ್ನೆಯಾಗಿರಲಿ. ಭಾರತದ ಸ್ಪರ್ಧಾ ಆಯೋಗ ಗೂಗಲ್ ವಿರುದ್ಧ ಕೊಟ್ಟ 2022ರ ಅಕ್ಟೋಬರ್ ಆದೇಶದ ನಂತರ, ಭಾರತದ ಫೋನ್ ಕಂಪನಿಗಳು ಗೂಗಲ್ ಆ್ಯಪ್‌ಗಳನ್ನು ಇಡೀ ಕಟ್ಟಾಗಿ ತೆಗೆದುಕೊಳ್ಳದೆ ಬಿಡಿಬಿಡಿಯಾಗಿ ಆರಿಸಿಕೊಳ್ಳಬಹುದು ಎಂದು ಗೂಗಲ್ 2023ರ ಜನವರಿಯಲ್ಲಿ ಹೇಳಿತು. ಆ ಅವಕಾಶ ನಿಮಗಿದೆ.

ಈಗ ನಿಮ್ಮ ಚಿಂತೆಯ ಮೂಲಕ್ಕೆ ಬರೋಣ: ಹುಡುಕಾಟ. ಬದಲಿಸಿದ ಮ್ಯಾಪ್‌ಗಳು ಸೋಲುವುದು ಹೆಚ್ಚಾಗಿ ಇಲ್ಲಿಯೇ. ಜನ ಪೂರ್ತಿ ವಿಳಾಸ ಬರೆದು ಹುಡುಕುವುದಿಲ್ಲ, ಬಾಯಿಗೆ ಬಂದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುತ್ತಾರೆ. ಚಿತ್ರದುರ್ಗದ ‘ತ್ರ’ವನ್ನು ಒಬ್ಬರು ಎಚ್ ಸೇರಿಸಿ ಬರೆದರೆ ಇನ್ನೊಬ್ಬರು ಸೇರಿಸದೆ ಬರೆಯುತ್ತಾರೆ. ದಾವಣಗೆರೆಯ ‘ಣ’ದ ನಂತರದ ಎ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಇದನ್ನು ಸಹಿಸಿಕೊಳ್ಳುವಂತೆ ಹುಡುಕಾಟವನ್ನು ಸಡಿಲ ಬಿಟ್ಟರೆ ಇನ್ನೊಂದು ತಾಪತ್ರಯ: ದಾವಣಗೆರೆ ಪಕ್ಕದಲ್ಲೇ ಆವರಗೆರೆಯೂ ಇದೆ, ಆವರಗೊಳ್ಳವೂ ಇದೆ. ಸಡಿಲ ಹೆಚ್ಚಾದರೆ ಒಂದಕ್ಕೆ ಹೊರಟವರು ಇನ್ನೊಂದಕ್ಕೆ ಹೋಗುತ್ತಾರೆ. ಹಾಗಾಗಿ ತ-ಥ, ದ-ಧ, ಲ-ಳ, ವ ಅಕ್ಷರಕ್ಕೆ ಬಳಸುವ ಎರಡು ಇಂಗ್ಲಿಷ್ ಅಕ್ಷರಗಳು, ಪದದ ನಡುವೆ ಬಿಟ್ಟುಹೋಗುವ ಅಕಾರ, ಇಷ್ಟನ್ನು ಮಾತ್ರ ಸಮಾನವೆಂದು ಎಣಿಸುವ ನಿಯಮ ಬರೆಯಿರಿ. ಕೊನೆಯ ಅಕ್ಷರಗಳ ವ್ಯತ್ಯಾಸವನ್ನು ಕಡೆಗಣಿಸಬೇಡಿ.

ಒಂದೇ ಜಾಗಕ್ಕೆ ಹಲವು ಹೆಸರು ಇರುವುದು ಬೇರೆ ಸಮಸ್ಯೆ, ಅದಕ್ಕೆ ನಿಯಮ ನಡೆಯುವುದಿಲ್ಲ, ಪಟ್ಟಿಯೇ ಬೇಕು. ವಾಣಿವಿಲಾಸ ಸಾಗರ, ವಿ.ವಿ. ಸಾಗರ, ಮಾರಿಕಣಿವೆ ಮೂರೂ ಒಂದೇ. ಸೂಳೆಕೆರೆ, ಶಾಂತಿಸಾಗರ ಒಂದೇ. ಹೆದ್ದಾರಿ 48 ಆಗಿ ವರ್ಷಗಳೇ ಕಳೆದರೂ ಬಾಯಲ್ಲಿ ಇನ್ನೂ ‘ಎನ್‌ಎಚ್ ಫೋರ್’. ಹೊಸಪೇಟೆ ಕಡೆಯದು 50 ಆದರೂ ‘ಥರ್ಟೀನ್’. ಹಳೆಯ ಎನ್‌ಎಚ್ ಫೋರ್ ದಾವಣಗೆರೆ ಊರೊಳಗೆ ಪಿ.ಬಿ. ರೋಡ್. ಇನ್ನು ಗೊಲ್ಲರಹಟ್ಟಿ. ಚಿತ್ರದುರ್ಗ ಜಿಲ್ಲೆಯಲ್ಲಿ ಬರೀ ಗೊಲ್ಲರಹಟ್ಟಿ ಎಂದು ಹುಡುಕಿದರೆ ಯಾವುದನ್ನು ತೋರಿಸಬೇಕು? ಜನ ಅದನ್ನು ಮೂಲ ಹಳ್ಳಿಯ ಹೆಸರು ಸೇರಿಸಿ ಹೇಳುತ್ತಾರೆ, ತಾಂಡಾಗಳನ್ನೂ ಹಾಗೆಯೇ. ದತ್ತಾಂಶದಲ್ಲಿ ಹಟ್ಟಿ, ತಾಂಡಾ, ಕ್ಯಾಂಪ್, ಕಾವಲುಗಳಿಗೆ ‘ಯಾವ ಹಳ್ಳಿಗೆ ಸೇರಿದ್ದು’ ಎಂಬ ಕಾಲಂ ಕಡ್ಡಾಯ ಮಾಡಿ. ಇವುಗಳಲ್ಲಿ ಕೆಲವು ಕಂದಾಯ ಗ್ರಾಮಗಳಾಗಿ ಹೊಸ ಹೆಸರು ಪಡೆದಿವೆ. ಹಳೆಯ ಹೆಸರನ್ನು ಅಳಿಸಬೇಡಿ, ಪರ್ಯಾಯ ಹೆಸರಾಗಿ ಉಳಿಸಿ.

ದಾವಣಗೆರೆ ನಗರದ ವಿಳಾಸದಲ್ಲಿ ಎಡವಟ್ಟಾಗುವುದು ಮೇನ್ ಮತ್ತು ಕ್ರಾಸುಗಳಲ್ಲಿ. ‘3ನೇ ಮೇನ್, 5ನೇ ಕ್ರಾಸ್’ ಎಂಬಂಥ ಜೋಡಿ ಪಿ.ಜೆ. ಬಡಾವಣೆ, ವಿನೋಬನಗರ, ವಿದ್ಯಾನಗರ, ಎಂ.ಸಿ.ಸಿ. ಬ್ಲಾಕುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಹುಡುಕಾಟದ ತಂತ್ರಾಂಶಕ್ಕೆ ಬಡಾವಣೆಯ ಹೆಸರು ಗುರುತು ಸಿಗದಿದ್ದರೆ ಅದನ್ನು ಬಿಟ್ಟು ಸಂಖ್ಯೆಗಳನ್ನಷ್ಟೇ ಹಿಡಿದು ಊರಿನ ಇನ್ನೊಂದು ತುದಿಯನ್ನು ತೋರಿಸುತ್ತದೆ. ಬಡಾವಣೆ ಹೊಂದದಿದ್ದರೆ ‘ಸಿಗಲಿಲ್ಲ’ ಎಂದು ಹೇಳುವಂತೆ ಮಾಡಿ. ತಪ್ಪು ಮನೆ ಬಾಗಿಲು ತಟ್ಟಿಸುವುದಕ್ಕಿಂತ ಅದು ಮೇಲು.

ಕನ್ನಡ ಅಕ್ಷರದ ಪರೀಕ್ಷೆಯನ್ನು ಎಷ್ಟೋ ತಂಡಗಳು ಮರೆಯುತ್ತವೆ. ಚಿತ್ರದುರ್ಗ ಎಂಬ ಹೆಸರು ಯೂನಿಕೋಡ್‌ನಲ್ಲಿ 10 ಸಂಕೇತಗಳ ಸಾಲು, ಕಣ್ಣಿಗೆ ಕಾಣಬೇಕಾದದ್ದು 4 ಅಕ್ಷರ. ಕೆಲವು ಮ್ಯಾಪ್ ಎಂಜಿನ್‌ಗಳು ಪ್ರತಿ ಸಂಕೇತಕ್ಕೂ ಒಂದೊಂದು ಚಿತ್ರ ತಂದು ಪಕ್ಕಪಕ್ಕ ಜೋಡಿಸುತ್ತವೆ. ಇಂಗ್ಲಿಷಿಗೆ ಅದು ನಡೆಯುತ್ತದೆ. ಕನ್ನಡದಲ್ಲಿ ಒತ್ತಕ್ಷರ ಕೆಳಗಿಳಿಯದೆ, ಅರ್ಕಾವೊತ್ತು ಹತ್ತದೆ ‘ಚಿತ್‌ರದುರ್‌ಗ’ ಆಗಿ ನಿಲ್ಲುತ್ತದೆ. ಹಾರ್ಫ್‌ಬಝ್‌ನಂಥ ಅಕ್ಷರ ಜೋಡಣೆಯ ತಂತ್ರಾಂಶವನ್ನು ಎಂಜಿನ್‌ಗೆ ಸೇರಿಸುವುದು ಇದಕ್ಕೆ ಮದ್ದು. ಚಂದ್ರವಳ್ಳಿ, ಮೊಳಕಾಲ್ಮುರು, ಸಂತೇಬೆನ್ನೂರು, ಬ್ರಹ್ಮಗಿರಿ ಈ ನಾಲ್ಕು ಹೆಸರು ಸರಿಯಾಗಿ ಮೂಡಿದರೆ ಹೆಚ್ಚಿನವು ಮೂಡುತ್ತವೆ. ಕನ್ನಡ ಹೆಸರು ದತ್ತಾಂಶದಲ್ಲಿ ಇಲ್ಲದಿದ್ದಾಗ ಇಂಗ್ಲಿಷಿನಿಂದ ಯಂತ್ರದಲ್ಲಿ ಲಿಪ್ಯಂತರ ಮಾಡಿಸಬೇಡಿ. ಹದಡಿ ಎಂಬ ಊರಿನ ಹೆಸರಿನಲ್ಲಿ ಒಂದು ‘ದ’, ಒಂದು ‘ಡ’ ಇದೆ, ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಅಕ್ಷರ. ಯಂತ್ರಕ್ಕೆ ಅದು ತಿಳಿಯುವ ದಾರಿಯೇ ಇಲ್ಲ. ಗ್ರಾಮ ಪಂಚಾಯಿತಿ ಮತ್ತು ಕಂದಾಯ ದಾಖಲೆಯ ಕನ್ನಡ ಪಟ್ಟಿಯಿಂದಲೇ ಹೆಸರು ತುಂಬಿ.

ದಾರಿ ಹಾಕುವ ಪರೀಕ್ಷೆಗೆ ನಿಮ್ಮ ಜಿಲ್ಲೆ ಒಳ್ಳೆಯ ಪ್ರಯೋಗಶಾಲೆ. ರೈಲು ಹಳಿ ದಾವಣಗೆರೆಯನ್ನು ಎರಡಾಗಿ ಸೀಳಿದೆ. ಗೇಟು, ಅಂಡರ್‌ಪಾಸುಗಳಲ್ಲಿ ಒಂದು ದತ್ತಾಂಶದಲ್ಲಿ ಇಲ್ಲದಿದ್ದರೂ ಐದು ನಿಮಿಷದ ದಾರಿ ಇಪ್ಪತ್ತಾಗುತ್ತದೆ. ಇಲ್ಲದ ಕಡೆ ದಾಟುವ ದಾರಿ ಇದ್ದರೆ ಗೋಡೆಗೆ ಎದುರಾಗಿ ನಿಲ್ಲುತ್ತೀರಿ. ಹೆದ್ದಾರಿ 48ರಲ್ಲಿ ಮುಖ್ಯ ರಸ್ತೆಯೂ ಸರ್ವಿಸ್ ರಸ್ತೆಯೂ ಅಕ್ಕಪಕ್ಕ ಓಡುತ್ತವೆ. ಬಯಲಿನಲ್ಲೂ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ಆಗುವುದರಿಂದ ವಾಹನ ಯಾವುದರ ಮೇಲಿದೆ ಎಂದು ಒಂದೇ ಬಿಂದುವಿನಿಂದ ಹೇಳಲಾಗದು. ಹಿಂದಿನ ಹತ್ತಿಪ್ಪತ್ತು ಬಿಂದುಗಳ ಜಾಡು, ವೇಗ, ದಿಕ್ಕು ಸೇರಿಸಿ ನಿರ್ಧರಿಸಬೇಕು. ಆನಗೋಡು, ಭರಮಸಾಗರಗಳ ಬಳಿ ಹೆದ್ದಾರಿಯಿಂದ ಇಳಿಯುವ ಸೂಚನೆ ಎಷ್ಟು ಮೊದಲು ಬರುತ್ತದೆ ಎಂದು ಅಳೆಯಿರಿ. 80 ಕಿಲೋಮೀಟರ್ ವೇಗದಲ್ಲಿ ವಾಹನ ಸೆಕೆಂಡಿಗೆ 22 ಮೀಟರ್ ಹೋಗುತ್ತದೆ, 200 ಮೀಟರ್ ಮುಂಚೆ ಹೇಳಿದರೆ ಸಿಗುವುದು 9 ಸೆಕೆಂಡು. 1 ಕಿಲೋಮೀಟರಿಗೆ ಒಮ್ಮೆ, 400 ಮೀಟರಿಗೆ ಇನ್ನೊಮ್ಮೆ ಹೇಳಬೇಕು. ಚಿತ್ರದುರ್ಗದ ಗುಡ್ಡಗಳಲ್ಲಿ ಗಾಳಿಯಂತ್ರಗಳಿಗೆ ಹೋಗುವ ಮಣ್ಣು ರಸ್ತೆಗಳ ಮೇಲೂ ಕಣ್ಣಿಡಿ. ಉಪಗ್ರಹ ಚಿತ್ರದಿಂದ ಯಂತ್ರ ಗುರುತಿಸಿದ ರಸ್ತೆಗಳಲ್ಲಿ ಅವು ಸಾಮಾನ್ಯ ರಸ್ತೆಯಂತೆಯೇ ಸೇರಿಕೊಳ್ಳಬಹುದು. ಬೇಸಿಗೆಯ ಚಿತ್ರದಲ್ಲಿ ಒಣಗಿದ ಕೆರೆಯಂಗಳದ ಗಾಡಿ ಜಾಡೂ ರಸ್ತೆಯಂತೆ ಕಾಣುತ್ತದೆ.

ಟ್ರಾಫಿಕ್ ಬಗ್ಗೆ ಚಿಕ್ಕದೊಂದು ಲೆಕ್ಕ. ಒಂದು ರಸ್ತೆಯಲ್ಲಿ ಗಂಟೆಗೆ 600 ವಾಹನ ಎಂದಿಟ್ಟುಕೊಳ್ಳಿ, 5 ನಿಮಿಷಕ್ಕೆ 50. ಅವರಲ್ಲಿ ಶೇ 4 ಜನರ ಕೈಯಲ್ಲಿ ನಿಮ್ಮ ಫೋನು, ಅವರಲ್ಲಿ ಹತ್ತಕ್ಕೊಬ್ಬರು ಲೊಕೇಶನ್ ಕೊಡಲು ಒಪ್ಪಿದವರು ಎಂದರೆ, 25 ನಿಮಿಷಕ್ಕೆ ಒಂದೇ ವಾಹನದ ಮಾಹಿತಿ ಸಿಗುತ್ತದೆ. ಅದರಿಂದ ಕೆಂಪು ಹಸಿರು ಗೆರೆ ಎಳೆಯುವುದು ಸುಳ್ಳು ಹೇಳಿದಂತೆ. ಟ್ರಾಫಿಕ್ಕನ್ನು ಕೊಂಡುಕೊಳ್ಳಿ.

ಕರಾರಿನಲ್ಲಿ ಎರಡು ಅಂಶ ವಕೀಲರಿಂದ ಓದಿಸಿ. ಒಬ್ಬರ ಹುಡುಕಾಟದ ಫಲಿತಾಂಶವನ್ನು ಇನ್ನೊಬ್ಬರ ಮ್ಯಾಪ್ ಮೇಲೆ ತೋರಿಸಬಾರದು ಎಂಬ ಷರತ್ತು ಹಲವು ಕರಾರುಗಳಲ್ಲಿರುತ್ತದೆ. ಅದಿದ್ದರೆ ಪದರ ಪದರವಾಗಿ ಬದಲಿಸುವ ಯೋಜನೆ ಅಲ್ಲಿಗೇ ನಿಲ್ಲುತ್ತದೆ. ಫಲಿತಾಂಶವನ್ನು ಎಷ್ಟು ದಿನ ಉಳಿಸಿಟ್ಟುಕೊಳ್ಳಬಹುದು ಎಂಬುದು ಎರಡನೆಯದು. ಓಪನ್‌ಸ್ಟ್ರೀಟ್‌ಮ್ಯಾಪ್ ಬಳಸಿದರೆ ಅದರ ಹೆಸರು ತೋರಿಸಬೇಕು, ಆ ದತ್ತಾಂಶವನ್ನು ತಿದ್ದಿ ಬೆಳೆಸಿ ಸಾರ್ವಜನಿಕವಾಗಿ ಬಳಸಿದರೆ ತಿದ್ದಿದ್ದನ್ನೂ ಅದೇ ಪರವಾನಗಿಯಲ್ಲಿ ಬಿಟ್ಟುಕೊಡಬೇಕು. ದೇಶದ ಗಡಿಯನ್ನು ಸರ್ವೇ ಆಫ್ ಇಂಡಿಯಾ ಪ್ರಕಾರವೇ ತೋರಿಸಬೇಕು, ಹೊರಗಿನ ದತ್ತಾಂಶದ ಗಡಿಯನ್ನು ಹಾಗೆಯೇ ಬಿಟ್ಟರೆ ಅದು ಶಿಕ್ಷಾರ್ಹ ಅಪರಾಧ. ನಿಮ್ಮ ಕಂಪನಿಯ ಒಡೆತನ ಹೊರದೇಶದ್ದಾದರೆ 2021ರ ಫೆಬ್ರುವರಿ 15ರ ಭೂದತ್ತಾಂಶ ಮಾರ್ಗಸೂಚಿಯನ್ನೂ ನೋಡಿ: ಸಮತಲದಲ್ಲಿ 1 ಮೀಟರ್, ಎತ್ತರದಲ್ಲಿ 3 ಮೀಟರಿಗಿಂತ ನಿಖರವಾದ ದತ್ತಾಂಶವನ್ನು ಭಾರತೀಯ ಸಂಸ್ಥೆಗಳು ಮಾತ್ರ ಹೊಂದಬಹುದು.

ಬದಲಿಸುವುದೆಂದೇ ತೀರ್ಮಾನವಾದರೆ ಮೊದಲ ಕೆಲಸ, ನಿಮ್ಮ ಆ್ಯಪ್‌ಗಳೆಲ್ಲ ಹೊರಗಿನ ಮ್ಯಾಪನ್ನು ನೇರವಾಗಿ ಕರೆಯದೆ ನಿಮ್ಮದೇ ಒಂದು ಮಧ್ಯದ ಪದರದ ಮೂಲಕ ಕರೆಯುವಂತೆ ಮಾಡುವುದು. ಇದಕ್ಕೆ ಕೆಲವು ತಿಂಗಳು ಬೇಕಾಗಬಹುದು, ಬದಲಿಸದಿದ್ದರೂ ಈ ಕೆಲಸ ವ್ಯರ್ಥವಾಗದು. ಗ್ರಾಹಕರು ಉಳಿಸಿಟ್ಟ ‘ಮನೆ’, ‘ಅಂಗಡಿ’ಗಳನ್ನು ಹಳೆಯ ಕಂಪನಿಯ ಗುರುತಿನ ಸಂಖ್ಯೆಯಿಂದಲ್ಲ, ಗ್ರಾಹಕರೇ ಕೊಟ್ಟ ಹೆಸರು ಮತ್ತು ಅಕ್ಷಾಂಶ-ರೇಖಾಂಶಗಳಿಂದ ಉಳಿಸಿ. ಇಲ್ಲದಿದ್ದರೆ ಬದಲಾದ ದಿನ ಅವೆಲ್ಲ ಮಾಯ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಲೊಕೇಶನ್ ಒತ್ತಿದರೆ ಹೊಸ ಆ್ಯಪಿನಲ್ಲೂ ಅದೇ ಬಿಂದು ತೆರೆಯಬೇಕು. ಮದುವೆ ಮಂಟಪಕ್ಕೆ ಜನ ಹೋಗುವುದು ಆ ಕೊಂಡಿಯಿಂದಲೇ. ಹೊಸ ಮ್ಯಾಪನ್ನು ಹೊಸ ಮಾದರಿಯ ಫೋನುಗಳಲ್ಲಿ ಮಾತ್ರ ಮೊದಲ ಆಯ್ಕೆಯಾಗಿ ಕೊಡಿ, ಹಳೆಯದೂ ಜೊತೆಯಲ್ಲಿರಲಿ. ಅಪ್‌ಡೇಟ್ ಕಳಿಸಿ ಹಳೆಯ ಫೋನುಗಳಿಂದ ಹಳೆಯ ಮ್ಯಾಪನ್ನು ಕಿತ್ತುಹಾಕಲೇಬೇಡಿ. ಜಿಲ್ಲೆಯೊಂದರಲ್ಲಿ ಕೆಟ್ಟರೆ ಆ ಜಿಲ್ಲೆಯನ್ನಷ್ಟೇ ಹಳೆಯ ಸೇವೆಗೆ ಮರಳಿಸುವ ಸ್ವಿಚ್ ಸರ್ವರಿನಲ್ಲಿರಲಿ.

ಪರೀಕ್ಷೆಗೆ ನನ್ನ ಅಳತೆ ಇದು: 400 ಹುಡುಕಾಟ, 60 ದಾರಿ. ಹುಡುಕಾಟದಲ್ಲಿ 120 ಕನ್ನಡ ಲಿಪಿಯವು, 160 ಇಂಗ್ಲಿಷ್ ಅಕ್ಷರದ ಕನ್ನಡ, 60 ಮೇನ್-ಕ್ರಾಸ್ ವಿಳಾಸ, 60 ಪೆಟ್ರೋಲ್ ಬಂಕ್, ಮೆಡಿಕಲ್ ಶಾಪ್‌ನಂಥವು. ಮೊದಲ ಮೂರು ಫಲಿತಾಂಶದೊಳಗೆ ಬಂದು, ಗುರುತು ಆ ಜಾಗದ ಬಾಗಿಲಿನಿಂದ 50 ಮೀಟರ್ ಒಳಗೆ ಬಿದ್ದರೆ ಮಾತ್ರ ಸರಿ ಎಂದು ಎಣಿಸಿ. 360 ಸರಿಯಾಗಬೇಕು, ಹಳೆಯ ಮ್ಯಾಪಿಗಿಂತ 8ಕ್ಕಿಂತ ಹೆಚ್ಚು ಹಿಂದೆ ಬೀಳಬಾರದು. 2 ಕಿಲೋಮೀಟರ್ ಮೀರಿದ ತಪ್ಪು, ಒನ್‌ವೇಗೆ ಎದುರಾಗಿ ಕಳಿಸುವ ದಾರಿ ಒಂದೂ ಇರಬಾರದು. ದಾರಿಗಳಲ್ಲಿ 25 ಊರೊಳಗಿನವು, 20 ಊರಿಂದ ಹಳ್ಳಿಗೆ, 15 ದೂರದವು. ಅರ್ಧವನ್ನು ಬೈಕಿನಲ್ಲಿ ಹೋಗಿಯೇ ನೋಡಬೇಕು, ಕಚೇರಿಯಲ್ಲಿ ಕೂತು ಎರಡು ಗೆರೆ ಹೋಲಿಸಿದರೆ ಮುಚ್ಚಿದ ಗೇಟು ಕಾಣುವುದಿಲ್ಲ.

ಹೆಸರುಗಳನ್ನು ನೀವೇ ಕೂತು ಬರೆಯಬೇಡಿ. ಎಪಿಎಂಸಿಗೆ ಮೆಕ್ಕೆಜೋಳ ತರುವ ಲಾರಿ ಚಾಲಕರು, ಬಸ್ ನಿಲ್ದಾಣದ ಆಟೋದವರು, ಕೊರಿಯರ್ ಹುಡುಗರು, ಆಂಬುಲೆನ್ಸ್ ಚಾಲಕರು ತಲಾ 20 ಹೆಸರು ಹೇಳಲಿ, ಅವರು ಹೇಳಿದ ಹಾಗೆಯೇ ಬರೆದುಕೊಳ್ಳಿ. 20 ಜನ ಸಿಕ್ಕರೆ 400 ಆಯಿತು, ಮೇಲಿನ ನಾಲ್ಕು ಬಗೆಯಲ್ಲಿ ಯಾವುದು ಕಡಿಮೆ ಬಿತ್ತೋ ಅದನ್ನಷ್ಟು ಮತ್ತೆ ಕೇಳಿ ತುಂಬಿಸಿ. ಈ ಪಟ್ಟಿಗೆ ಯಾವ ಕರಾರಿನ ಸಹಿಯೂ ಬೇಕಿಲ್ಲ, ದಾವಣಗೆರೆಯಲ್ಲೇ ಇದ್ದು ಎರಡು ಮೂರು ವಾರದಲ್ಲಿ ಮಾಡಬಹುದು. ಮೊದಲು ಅದನ್ನು ಈಗಿರುವ ಮ್ಯಾಪ್ ಮೇಲೆ ಓಡಿಸಿ, ಬಂದ ಅಂಕದ ಜೊತೆ ಮೇಲಿನವರ ಸಭೆಗೆ ಹೋಗಿ.